ಧೂಮಕೇತು ಒರೆಸಿದವಳು

ಮಚ್ಚೆಯಕ್ಕನ ಕೈಗೆ ಮುಖ ಕೊಟ್ಟರೆ ತೊಳೆದ ತಟ್ಟೆಯ ಹಾಗೆ ಮಾಡಿ ಕೊಡುತ್ತಾಳೆ ಎಂದು ಬೀದಿಯವರು ಹೇಳುತ್ತಿದ್ದರು. ಸುಳ್ಳಲ್ಲ. ಗಂಡನ ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಚಿತ್ರ ತಿದ್ದುವುದೇ ಅವಳ ಕೆಲಸ. ಕೆನ್ನೆಯ ಮಚ್ಚೆ, ಹಣೆಯ ಹಳೆಯ ಗಾಯ, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಹೇಳಹೆಸರಿಲ್ಲದಂತೆ ಮಾಡುತ್ತಿದ್ದಳು. ಪಕ್ಕದ ಅಂಗಡಿಯ ಟೈಲರಮ್ಮ ತನ್ನ ಫೋಟೋವನ್ನು ಮನೆಗೊಯ್ದು ತೋರಿಸಿದಾಗ ಅವಳ ಗಂಡ, ಇದ್ಯಾರು, ಲಕ್ಷಣವಾಗಿದ್ದಾರೆ, ಒಂದು ಸಲ ಮನೆಗೆ ಕರಿ ಎಂದನಂತೆ. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಟೈಲರಮ್ಮ ಅಳತೆ ತೆಗೆಯುತ್ತಲೇ ಈ ಕಥೆ ಹೇಳಿ ನಗಿಸುತ್ತಿದ್ದಳು. ಹೀಗೆ ಊರವರ ಮಚ್ಚೆಗಳನ್ನೆಲ್ಲ ಒರೆಸಿದವಳ ಮೂಗಿನ ಪಕ್ಕದಲ್ಲೇ ಮೆಣಸಿನಕಾಳಿನಷ್ಟು ಮಚ್ಚೆ. ಅದಕ್ಕೇ ಆ ಹೆಸರು ಬಿದ್ದದ್ದು.

ಆಮೇಲಾಮೇಲೆ ಬೀದಿಯ ಮಾತು ಹೊರಳಿತು. ಮುಖ ಬಿಡಿ, ಆಕಾಶದಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದ ಧೂಮಕೇತುವನ್ನೇ ಒರೆಸಿ ಹಾಕಿದ ಪುಣ್ಯಾತ್ಗಿತ್ತಿ ಅವಳು ಎನ್ನತೊಡಗಿದರು. ಎಂದವರು ನಗುತ್ತಿದ್ದರು, ಕೇಳಿದವರೂ ನಗುತ್ತಿದ್ದರು. ಮೊದಲು ಹೇಳಿ ನಗಿಸಿದವನು ಅವಳ ಗಂಡನೇ ಆದ್ದರಿಂದ ನಗುವುದರಲ್ಲಿ ತಪ್ಪೇನೂ ಇದ್ದಂತೆ ಯಾರಿಗೂ ತೋರಲಿಲ್ಲ.

ತಿದ್ದುವ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಅವರ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಕಿಟಕಿಯ ಪಕ್ಕದಲ್ಲಿ ಒಂದು ಇಳಿಜಾರು ಮೇಜು, ಅದರ ನಡುವೆ ಗಾಜು, ಗಾಜಿನ ಮೇಲೆ ನೆಗೆಟಿವ್. ಮುಖದ ಮೇಲೆ ಕಪ್ಪಾಗಿದ್ದದ್ದು ನೆಗೆಟಿವ್‌ನಲ್ಲಿ ತೆಳ್ಳಗೆ ಕಾಣುತ್ತದೆ. ಸೂಜಿಯ ಹಾಗೆ ಕೆತ್ತಿದ ಪೆನ್ಸಿಲ್ ಹಿಡಿದು, ಉಸಿರು ಬಿಗಿಹಿಡಿದು, ಆ ತೆಳುವನ್ನು ಚುಕ್ಕೆ ಚುಕ್ಕೆಯಾಗಿ ತುಂಬಬೇಕು. ಅಪ್ಪನ ಎದುರು ಸ್ಟೂಲಿನ ಮೇಲೆ ಕೂತೇ ಅವಳು ದೊಡ್ಡವಳಾದಳು. ಯಾರೋ ತಿದ್ದಿದ್ದಾರೆ ಅಂತ ನೋಡಿದವರಿಗೆ ಗೊತ್ತಾದರೆ ನಮ್ಮ ಕೆಲಸ ಕೆಟ್ಟ ಹಾಗೆ ಮಗಳೇ ಎಂದು ಅಪ್ಪ ಹೇಳುತ್ತಿದ್ದರು. ಅವಳು ಅದನ್ನು ಕೆಲಸಕ್ಕಷ್ಟೇ ಅಲ್ಲ, ಬದುಕಿಗೂ ಹಚ್ಚಿಕೊಂಡಳು. ತಾನು ಇದ್ದದ್ದು ಎಲ್ಲೂ ಗೊತ್ತಾಗಬಾರದು.

ಒಂದು ದಿನ ಹೊಸದಾಗಿ ಸ್ಟುಡಿಯೋ ತೆರೆದಿದ್ದ ಯುವಕನೊಬ್ಬ ಅಪ್ಪನಲ್ಲಿಗೆ ಕೆಲಸ ಕೊಡಲು ಬಂದ. ಮೇಜಿನ ಮೇಲಿದ್ದ ಮುದುಕಿಯೊಬ್ಬಳ ಫೋಟೋ ಎತ್ತಿ ಬೆಳಕಿಗೆ ಹಿಡಿದು, ಇದು ನಿಮ್ಮ ಕೈ ಅಲ್ಲ, ಯಾರದು ಎಂದು ಕೇಳಿದ. ಮಗಳದು ಎಂದರು ಅಪ್ಪ. ಅದೇ ವರ್ಷ ಮದುವೆಯಾಯಿತು. ಅವರಿಗೆ ಬೇಕಾಗಿದ್ದದ್ದು ಕೈ, ಕೈ ಒಂದೇ ಬರೋದಿಲ್ಲವಲ್ಲ, ಹಿಂದೆ ನಾನೂ ಬಂದೆ ಎಂದು ಮಚ್ಚೆಯಕ್ಕ ಎಷ್ಟೋ ವರ್ಷ ನಗುನಗುತ್ತಾ ಹೇಳುತ್ತಿದ್ದಳು. ಮದುವೆಯ ಫೋಟೋದಲ್ಲಿ ತನ್ನ ಮಚ್ಚೆಯನ್ನು ತಾನೇ ಒರೆಸಿದಳು. ಗಂಡ ಹೇಳಿದ್ದ, ಅಂಗಡಿಯಲ್ಲಿ ತೂಗುಹಾಕುವ ಫೋಟೋ, ಗಿರಾಕಿಗಳು ನೋಡುತ್ತಾರೆ ಎಂದು.

ಮುಂದೆ ಸ್ಟುಡಿಯೋ, ಹಿಂದೆ ಮನೆ, ಮೇಲೆ ತಾರಸಿ. ಸ್ಟುಡಿಯೋದಲ್ಲಿ ಗಂಡ ಒಂದು ಕಟ್ಟಳೆ ಮಾಡಿದ್ದ. ತಿದ್ದಿದ ಚಿತ್ರ ಮಾತ್ರ ಉಳಿಯಬೇಕು, ತಿದ್ದುವ ಮೊದಲಿನ ಹಸಿ ಚಿತ್ರ ಉಳಿಯಕೂಡದು. ಒಮ್ಮೆ ಕೈತಪ್ಪಿ ಒಬ್ಬ ಹೆಂಗಸಿಗೆ ಅವಳ ತಿದ್ದದ ಫೋಟೋ ಹೋಗಿ, ಅವಳು ಕೌಂಟರಿನ ಮುಂದೆಯೇ ನಿಂತು ಅತ್ತು, ಹರಿದು, ಚೂರುಗಳನ್ನು ಅವನ ಮುಖಕ್ಕೆ ಎಸೆದು ಹೋಗಿದ್ದಳು. ಅಂದಿನಿಂದ ಮಚ್ಚೆಯಕ್ಕ ತಿದ್ದಿ ಮುಗಿಸುತ್ತಿದ್ದಂತೆ ಹಸಿಯದನ್ನು ಹರಿದುಹಾಕುತ್ತಿದ್ದಳು. ಕಂಪ್ಯೂಟರ್ ಬಂದ ಮೇಲೂ ಅದೇ ರೂಢಿ, ಹರಿಯುವ ಬದಲು ಅಳಿಸುತ್ತಿದ್ದಳು ಅಷ್ಟೇ. ಈ ಕಟ್ಟಳೆಯೇ ಮುಂದೆ ಕುತ್ತಿಗೆಗೆ ಬಂತು.

ಮದುವೆಯಾದ ಹೊಸದರಲ್ಲಿ ಬರಿಗಣ್ಣಿಗೇ ಕಾಣುವಂಥ ಒಂದು ಧೂಮಕೇತು ಬಂದಿತ್ತು. ಸಂಜೆ ಅಂಗಡಿ ಮುಚ್ಚಿ ಇಬ್ಬರೂ ತಾರಸಿಗೆ ಹತ್ತಿ ನೋಡಿದರು. ನೀರಿನ ತೊಟ್ಟಿಗಳ ಮೇಲೆ, ಎದುರುಮನೆಯ ಒಣಹಾಕಿದ ಬಟ್ಟೆಗಳ ಮೇಲೆ, ಯಾರೋ ಸೀಮೆಸುಣ್ಣ ಎಳೆದು ಬೆರಳಿಂದ ತೀಡಿದ ಹಾಗೆ ನಿಂತಿತ್ತು. ಅವನು ಫೋಟೋ ತೆಗೆದ. ಅವಳು ಫಿಲ್ಮಿನ ಮೇಲಿನ ಧೂಳು ತೆಗೆದಳು. ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದಾಗ ಬೀದಿಯೇ ನಿಂತು ನೋಡಿತು. ಆ ದಿನ ಅವನಿಗೆ ಹಿಡಿದ ಹುಚ್ಚು ಮತ್ತೆ ಬಿಡಲಿಲ್ಲ. ಹೊಸ ಧೂಮಕೇತುವನ್ನು ಮೊದಲು ಕಂಡವರ ಹೆಸರನ್ನೇ ಅದಕ್ಕೆ ಇಡುತ್ತಾರೆ ಎಂದು ಅವನು ಎಲ್ಲೋ ಓದಿದ್ದ. ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಸಂಜೆ ಇಬ್ಬರೂ ಊಟ ಬಿಟ್ಟು ಕೂತಿದ್ದಾಗ ಅವನೇ ಅವಳ ಕೈ ಹಿಡಿದುಕೊಂಡು ಹೇಳಿದ್ದ:

"ಹೋಗ್ಲಿ ಬಿಡು. ಒಂದಲ್ಲ ಒಂದು ದಿನ ಒಂದು ಧೂಮಕೇತು ಹಿಡಿದೇ ಹಿಡೀತೀನಿ. ಅದಕ್ಕೆ ನಮ್ಮಿಬ್ಬರ ಹೆಸರು ಇಡೋಣ. ನೀನು ಒರೆಸದೆ ಇದ್ರೆ ನನಗೆಲ್ಲಿ ಕಾಣುತ್ತೆ ಹೇಳು."

ನಮ್ಮಿಬ್ಬರ ಎಂಬ ಆ ಮಾತನ್ನು ಅವಳು ಸೆರಗಿನ ಗಂಟಿನ ಹಾಗೆ ಇಟ್ಟುಕೊಂಡಳು. ಎಷ್ಟೋ ವರ್ಷ ಆ ಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದ್ದು ಅದೇ.

ದೂರದರ್ಶಕ ಬಂತು, ತಾರಸಿಯ ಮೇಲೆ ತಗಡಿನ ಗೂಡು ಬಂತು, ಗ್ರಹಣಗಳು ಬಂದು ಹೋದವು. ಅವನು ಆಕಾಶದ ಅದದೇ ತುಂಡುಗಳ ಫೋಟೋವನ್ನು ಮತ್ತೆ ಮತ್ತೆ ತೆಗೆಯುತ್ತಿದ್ದ. ಅವಳು ಹಗಲು ಒಳಕೋಣೆಯಲ್ಲಿ ಕೂತು ಗಿರಾಕಿಗಳ ಮುಖಗಳ ನಡುವೆ ಆಕಾಶದ ಮುಖವನ್ನೂ ತೊಳೆಯುತ್ತಿದ್ದಳು. ನಕ್ಷತ್ರದ ಅಂಚು ಮೆತ್ತಗೆ ಇರುತ್ತದೆ, ಧೂಳಿನ ಅಂಚು ಕತ್ತರಿಸಿದ ಹಾಗೆ. ವಿಮಾನ ಹೋದರೆ ಗೆರೆ. ಕ್ಯಾಮೆರಾದ ಒಳಗಿನ ದೋಷವಾದರೆ ಪ್ರತಿ ಚಿತ್ರದಲ್ಲೂ ಅಲ್ಲಲ್ಲೇ ಕೂತಿರುತ್ತದೆ. ಇಷ್ಟು ಗೊತ್ತಾಗಲು ಅವಳಿಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. ನಿನ್ನ ಸವತಿ ಇವತ್ತು ಹೇಗಿದ್ದಾಳೆ ಎಂದು ಟೈಲರಮ್ಮ ಆಕಾಶದ ಕಡೆ ಗದ್ದ ಎತ್ತಿ ಕೇಳುತ್ತಿದ್ದಳು. ಮೈತುಂಬ ಮೊಡವೆ ಕಣೇ, ಬೆಳಗಿನಿಂದ ತೆಗೀತಾ ಇದ್ದೀನಿ ಎಂದು ಮಚ್ಚೆಯಕ್ಕ ಉತ್ತರಿಸುತ್ತಿದ್ದಳು.

ಆ ದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಯಾವುದೋ ಶಾಲೆಯ ಸಿಬ್ಬಂದಿ ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಸಾಲಾಗಿ ನಿಂತಿದ್ದರು. ಗಂಡ ಒಬ್ಬೊಬ್ಬರ ಗದ್ದ ನೇರ ಮಾಡಿ, ಕಾಲರು ಸರಿಪಡಿಸಿ, ಉಸಿರು ಹಿಡೀರಿ ಎನ್ನುತ್ತಿದ್ದ. ಒಳಗೆ ಅವಳು ಪಡುವಣ ದಿಕ್ಕಿನ ಒಂದು ತುಂಡನ್ನು ತೊಳೆಯುತ್ತಾ ಇದ್ದವಳು ಒಂದು ಕಡೆ ಕೈ ನಿಲ್ಲಿಸಿದಳು. ಮೂರು ನಕ್ಷತ್ರಗಳು ಬಾಗಿ ಕೂತ ಜಾಗದಲ್ಲಿ ಒಂದು ಮಬ್ಬು. ಧೂಳಲ್ಲ, ಅಂಚು ಮೆತ್ತಗಿತ್ತು. ನಕ್ಷತ್ರವೂ ಅಲ್ಲ, ಹಿಂದಿನ ಸಲದ ಚಿತ್ರದಲ್ಲಿ ಅಲ್ಲಿ ಏನೂ ಇರಲಿಲ್ಲ. ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ, ತುಸು ಹಸಿರು. ಅವಳು ಪರದೆ ಸರಿಸಿ ಕರೆದಳು.

"ರೀ, ಒಂದು ನಿಮಿಷ ಬಂದು ನೋಡಿ. ಇಲ್ಲೊಂದು ಮಬ್ಬಿದೆ, ಹೋದ ಸಲ ಇರ್ಲಿಲ್ಲ."

"ಲೆನ್ಸ್ ಮೇಲಿನ ಧೂಳು. ಒರೆಸು."

"ಧೂಳಿನ ಹಾಗಿಲ್ಲ ರೀ. ಸ್ವಲ್ಪ ಹಸಿರಾಗಿದೆ."

"ಹಸಿರೋ ಕೆಂಪೋ, ಒರೆಸು ಅಂದ್ನಲ್ಲ. ಇಲ್ಲಿ ಜನ ಉಸಿರು ಹಿಡ್ಕೊಂಡು ಕೂತಿದ್ದಾರೆ."

ಕುರ್ಚಿಯ ಮೇಲೆ ಕೂತಿದ್ದ ಮೇಷ್ಟರು ಉಸಿರು ಬಿಟ್ಟು ನಕ್ಕರು. ಉಳಿದವರೂ ನಕ್ಕರು. ಮಚ್ಚೆಯಕ್ಕನ ಮುಖ ಕೆಂಪಾಯಿತು. ಪರದೆ ಬಿಟ್ಟು ಒಳಗೆ ಬಂದಳು, ಒರೆಸಿದಳು. ರೂಢಿಯಂತೆ ಹಸಿ ಚಿತ್ರವನ್ನೂ ಅಳಿಸಿದಳು.

ಕೆಲವು ವಾರಗಳಾದ ಮೇಲೆ ಸಮುದ್ರದಾಚೆಯ ಯಾವುದೋ ದೇಶದಲ್ಲಿ ಒಬ್ಬ ಹವ್ಯಾಸಿ ಹೊಸ ಧೂಮಕೇತು ಕಂಡನೆಂದು ಸುದ್ದಿ ಬಂತು. ಅದು ಹಿಂದಿನ ವಾರಗಳಲ್ಲಿ ಎಲ್ಲೆಲ್ಲಿ ಇದ್ದಿರಬೇಕು ಎಂದು ಲೆಕ್ಕ ಹಾಕಿದ್ದನ್ನು ಗಂಡ ಕಂಪ್ಯೂಟರಿನಲ್ಲಿ ನೋಡುತ್ತಾ ಬಂದವನು ಒಮ್ಮೆಲೇ ಕುರ್ಚಿ ತಳ್ಳಿ ಎದ್ದ. ಮೂರು ನಕ್ಷತ್ರಗಳು ಬಾಗಿ ಕೂತ ಜಾಗ. ತನ್ನ ಚಿತ್ರ ತೆಗೆದು ನೋಡಿದರೆ ಅಲ್ಲಿ ಕಪ್ಪು ಆಕಾಶ, ತೊಳೆದ ತಟ್ಟೆಯ ಹಾಗೆ. ಹಸಿ ಚಿತ್ರ ಎಲ್ಲಿ ಎಂದು ಕೇಳಿದ. ಹಸಿ ಚಿತ್ರ ಈ ಅಂಗಡಿಯಲ್ಲಿ ಎಂದಾದರೂ ಉಳಿದಿದೆಯೇ?

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳೂ ಬಾಯಿಬಿಟ್ಟು ಹೇಳುತ್ತಿದ್ದಳೇನೋ. ಅವನು ಗೋಡೆಗೆ ಒರಗಿ ಕೂತು ಅತ್ತ. ತಾನು ಕರೆದದ್ದು, ಇವರು ಬಾರದೆ ಹೋದದ್ದು, ಇವರಿಗೆ ಮರೆತೇ ಹೋಗಿದೆ, ಈಗ ನೆನಪಿಸಿದರೆ ಗಾಯಕ್ಕೆ ಉಪ್ಪು ಹಾಕಿದ ಹಾಗೆ ಎಂದು ಅವಳು ಅಂದುಕೊಂಡಳು. ನೀರು ತಂದುಕೊಟ್ಟಳು. ಅವನು ನೀರು ಕುಡಿದು, ಲೋಟ ಕೆಳಗಿಟ್ಟು, ಇನ್ನು ಮುಂದೆ ನಾನು ಹೇಳದೆ ಆಕಾಶದ್ದು ಏನನ್ನೂ ಮುಟ್ಟಬೇಡ ಎಂದ.

ಊರಿನಲ್ಲಿ ಆಕಾಶ ನೋಡುವವರದೊಂದು ಸಂಘವಿತ್ತು. ಮುಂದಿನ ಸಭೆಯಲ್ಲಿ ಗಂಡ ಎದ್ದು ನಿಂತು, ನನ್ನ ಧೂಮಕೇತುವನ್ನು ನನ್ನ ಹೆಂಡತಿ ಮೊಡವೆ ಅಂದುಕೊಂಡು ಒರೆಸಿದಳು ಎಂದ. ದುಃಖ ಹೇಳಿಕೊಳ್ಳಲು ಎದ್ದವನೇ ಇರಬೇಕು. ಆದರೆ ಸಭೆ ಹೊಟ್ಟೆ ಹಿಡಿದು ನಕ್ಕಿತು, ಬೆನ್ನು ತಟ್ಟಿತು. ಅವನಿಗೆ ಆ ನಗು ರುಚಿಸಿತು. ಎರಡನೇ ಸಲ ಹೇಳುವಾಗ ಕೈಯಾಡಿಸಿ ಹೇಳಿದ. ಮೂರನೇ ಸಲ ಅವಳು ಪೆನ್ಸಿಲ್ ಹಿಡಿಯುವ ರೀತಿ ಅಣಕಿಸಿದ. ಕಡೆಗೆ ಶಾಲೆಗಳಿಗೆ ಭಾಷಣಕ್ಕೆ ಕರೆದರೆ ಧೂಮಕೇತು ಒರೆಸಿದ ಕಥೆ ಹೇಳಿ ಎಂದೇ ಕರೆಯುತ್ತಿದ್ದರು. ಧೂಮಕೇತು ಸಿಕ್ಕಿದ್ದರೆ ಬರುತ್ತಿದ್ದ ಹೆಸರಿಗಿಂತ ಕಳೆದುಕೊಂಡು ಬಂದ ಹೆಸರೇ ದೊಡ್ಡದಾಯಿತು. ನಮ್ಮಿಬ್ಬರದು ಎಂದಿದ್ದದ್ದು ಆ ಕಥೆಯಲ್ಲಿ ಅವನೊಬ್ಬನದಾಯಿತು, ಒರೆಸಿದ್ದು ಮಾತ್ರ ಪೂರ್ತಿ ಅವಳದು.

ಗಿರಾಕಿಗಳು ಕೌಂಟರಿನಲ್ಲಿ ನಿಂತು, ಅಕ್ಕಾ, ಮಚ್ಚೆ ತೆಗೀರಿ, ಮೂಗು ಬಿಡಿ ಎಂದು ತಮಾಷೆ ಮಾಡುತ್ತಿದ್ದರು. ಅವಳು ನಕ್ಕು ರಸೀದಿ ಬರೆದುಕೊಡುತ್ತಿದ್ದಳು. ಆ ದಿನದ ಸಂಗತಿಯನ್ನು ಅವಳು ಟೈಲರಮ್ಮನಿಗೂ ತಂಗಿಗೂ ಮಾತ್ರ ಹೇಳಿದ್ದಳು. ಪರದೆ ಸರಿಸಿ ಕರೆದೆ ಅಂತ ಒಂದು ಸಲ ಎಲ್ಲರೆದುರು ಹೇಳಿಬಿಡಕ್ಕ, ನಿಂಗೇನು ಬಾಯಿ ಹೊಲಿದು ಕೊಟ್ಟಿದ್ದೀನಾ ನಾನು ಎಂದು ಟೈಲರಮ್ಮ ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ ಬೈಯುತ್ತಿದ್ದಳು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಂಗಿ, ಭಾವನ ಜೊತೆ ಹೇಗೆ ಇರ್ತೀಯಕ್ಕ, ಇಲ್ಲಿ ಬಂದಿರು, ಒಂದು ಕೋಣೆ ಖಾಲಿಯೇ ಇದೆ ಎಂದು ಫೋನಿನಲ್ಲಿ ಕರೆಯುತ್ತಲೇ ಇದ್ದಳು. ಮರೆತುಬಿಟ್ಟಿದ್ದಾರೆ, ಬೇಕಂತ ಮಾಡ್ತಿಲ್ಲ ಎಂದು ಮಚ್ಚೆಯಕ್ಕ ಇಬ್ಬರಿಗೂ ಒಂದೇ ಉತ್ತರ ಕೊಡುತ್ತಿದ್ದಳು. ಮರೆತಿದ್ದಾನೆ ಎಂಬುದೊಂದನ್ನು ನಂಬಿಕೊಂಡರೆ ಉಳಿದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು.

ಹೀಗಿರುವಾಗ ಆ ಊರಿನ ನೆತ್ತಿಯ ಮೇಲೇ ಹಾದುಹೋಗುವ ಪೂರ್ಣ ಸೂರ್ಯಗ್ರಹಣ ಬಂತು. ಒಂದು ಜೀವಮಾನದಲ್ಲಿ ಮನೆಯ ತಾರಸಿಗೆ ಅಂಥದ್ದು ಮತ್ತೊಮ್ಮೆ ಬರುವುದಿಲ್ಲ. ಗಂಡ ತಿಂಗಳುಗಟ್ಟಲೆ ತಯಾರಿ ಮಾಡಿದ. ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ, ಗ್ರಹಣ ಪೂರ್ಣವಾದ ಗಳಿಗೆಯಿಂದ ತಾನಾಗಿ ಕ್ಲಿಕ್ಕಿಸುವಂತೆ ಕಂಪ್ಯೂಟರಿಗೆ ಹೇಳಿಟ್ಟ. ಯಂತ್ರ ಮಾಡಲಾರದ ಕೆಲಸ ಒಂದೇ ಒಂದಿತ್ತು. ಸೂರ್ಯ ಇನ್ನೂ ಉರಿಯುತ್ತಿರುವಾಗ ದೂರದರ್ಶಕದ ಬಾಯಿಗೆ ಕಪ್ಪು ಫಿಲ್ಟರ್ ಮುಚ್ಚಿರಬೇಕು, ಇಲ್ಲವಾದರೆ ಕ್ಯಾಮೆರಾ ಸುಟ್ಟುಹೋಗುತ್ತದೆ. ಪೂರ್ಣ ಮುಚ್ಚಿಕೊಂಡ ಕ್ಷಣ ಆ ಫಿಲ್ಟರ್ ತೆಗೆಯಬೇಕು, ಇಲ್ಲವಾದರೆ ಸೂರ್ಯನ ಸುತ್ತ ಅರಳುವ ಬೆಳ್ಳನೆಯ ಕಿರೀಟ ಚಿತ್ರದಲ್ಲಿ ಒಂದಿಷ್ಟೂ ಬೀಳುವುದಿಲ್ಲ. ದೂರದರ್ಶಕದ ಕೊಳವೆ ಅಲುಗದಂತೆ ಅದನ್ನು ತೆಗೆಯಲು ಹಗುರವಾದ ಕೈ ಬೇಕು. ಅಂಥ ಕೈ ಮನೆಯಲ್ಲೇ ಇತ್ತಲ್ಲ.

ಅಭ್ಯಾಸ ನಡೆಯಿತು. ಅವಳು ಫಿಲ್ಟರಿನ ಅಂಚು ಹಿಡಿದು ನಿಲ್ಲಬೇಕು, ಅವನು ತೆಗಿ ಎಂದಾಗ ತೆಗೆಯಬೇಕು, ಮುಚ್ಚು ಎಂದಾಗ ಮುಚ್ಚಬೇಕು. ಒಮ್ಮೆ ಅವಳು, ಕತ್ತಲಾದದ್ದು ನನಗೂ ಕಾಣುತ್ತಲ್ಲ, ನಾನೇ ತೆಗೀಲಾ ಎಂದು ಕೇಳಿದಳು. ಅವನು ತಲೆಯೆತ್ತಿ ನೋಡಿದ.

"ನಿನ್ನ ಬುದ್ಧಿ ಓಡಿಸಿದ್ದು ಒಂದು ಸಲಕ್ಕೆ ಸಾಕು. ನಾನು ಹೇಳೋವರೆಗೆ ಕೈ ಅಲ್ಲಾಡಿಸಬೇಡ."

ಗ್ರಹಣದ ದಿನ ಮಧ್ಯಾಹ್ನ ತಾರಸಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಘದವರು ಎಲ್ಲರೂ ಬಂದಿದ್ದರು. ಬೀದಿಯವರು ಗ್ರಹಣ ನೋಡುವ ಕಪ್ಪು ಕನ್ನಡಕ ಹಂಚಿಕೊಂಡು ಕತ್ತು ಮೇಲೆತ್ತಿ ನಿಂತಿದ್ದರು. ಮಚ್ಚೆಯಕ್ಕ ಕೊಳವೆಯ ಬಾಯಿಯ ಬಳಿ ಸ್ಟೂಲಿನ ಮೇಲೆ ನಿಂತು ಫಿಲ್ಟರಿನ ಅಂಚು ಹಿಡಿದಿದ್ದಳು. ಬಿಸಿಲು ಬಿಸಿಲಾಗಿದ್ದುಕೊಂಡೇ ತೆಳ್ಳಗಾಯಿತು. ಎದುರುಮನೆಯ ಗೋಡೆ ಹಳೆಯ ಫೋಟೋದ ಬಣ್ಣಕ್ಕೆ ಬಂತು. ತಣ್ಣನೆ ಗಾಳಿ ಬೀಸಿತು.

ಇನ್ನೇನು ಸ್ವಲ್ಪ ಹೊತ್ತು ಎನ್ನುವಾಗ ಸಂಘದ ಕಾರ್ಯದರ್ಶಿ ಅವಳನ್ನು ನೋಡಿ, ಅಯ್ಯೋ, ಇವರ ಕೈಗೆ ಕೊಟ್ಟಿದ್ದೀರಲ್ಲ ಮಾರಾಯರೇ, ಸೂರ್ಯನನ್ನೂ ಒರೆಸಿಬಿಟ್ಟರೆ ನಾಳೆ ಬೆಳಗಾಗೋದು ಹೇಗೆ ಎಂದ. ಗೊಳ್ಳನೆ ನಗು. ಹೊಸದಾಗಿ ಬಂದಿದ್ದ ಯಾರೋ ಅದೇನು ಕಥೆ ಎಂದು ಕೇಳಿದರು. ಕೇಳಿದ್ದೇ ಸಾಕಾಯಿತು ಗಂಡನಿಗೆ. ಕಂಪ್ಯೂಟರ್ ಬಿಟ್ಟು ಎದ್ದು ಬಂದ. ನನ್ನ ಧೂಮಕೇತು ಅಂತ ಶುರುಮಾಡಿದ. ಕೈಯಾಡಿಸಿದ. ಪೆನ್ಸಿಲ್ ಹಿಡಿದಂತೆ ತೋರಿಸಿದ. ಬೆರಳಿಂದ ಮೊಡವೆ ಒರೆಸಿದ. ಜನ ನಗುತ್ತಿದ್ದಂತೆಯೇ ಆ ನಗುವಿನ ಮಧ್ಯದಿಂದ ಒಂದು ಕೂಗು ಎದ್ದಿತು. ಕತ್ತಲು ಕಂಬಳಿ ಹೊದಿಸಿದ ಹಾಗೆ ಬಿತ್ತು.

ಎಲ್ಲರೂ ಮೇಲೆ ನೋಡಿದರು. ಗಂಡನೂ ಬಾಯಿ ತೆರೆದುಕೊಂಡು, ಕಥೆ ಅರ್ಧಕ್ಕೇ ಬಿಟ್ಟು, ಮೇಲೆ ನೋಡುತ್ತಾ ನಿಂತ. ಅವನ ಹಿಂದೆ ಕ್ಯಾಮೆರಾ ತನ್ನ ಪಾಡಿಗೆ ಟಕ್ ಟಕ್ ಎಂದು ಹೊಡೆಯುತ್ತಿತ್ತು. ಆ ಸದ್ದು ಕೇಳಿ ಅವನಿಗೆ ಎಲ್ಲ ಸರಿಯಿದೆ ಎನ್ನಿಸಿರಬೇಕು.

ಮಚ್ಚೆಯಕ್ಕನ ಬೆರಳುಗಳು ಫಿಲ್ಟರಿನ ಅಂಚಿನ ಮೇಲೆಯೇ ಇದ್ದವು. ತೆಗಿ ಎಂಬ ಮಾತು ಬರಲಿಲ್ಲ. ರೀ ಎಂದು ಕರೆಯುವ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು. ಬಂದು ಅಲ್ಲೇ ಕೂತಿತು. ಕರೆದಿದ್ದೆನಲ್ಲ ಒಂದು ಸಲ ಎಂದುಕೊಂಡಳು. ಆಮೇಲೆ ಅವಳೂ ಮೇಲೆ ನೋಡಿದಳು. ಇಷ್ಟು ವರ್ಷ ಆಕಾಶವನ್ನು ಕಂಪ್ಯೂಟರಿನ ಗಾಜಿನಲ್ಲಿ, ಅಂಗೈ ಅಗಲದ ತುಂಡುಗಳಾಗಿ, ಕೊಳೆ ಹುಡುಕುತ್ತಾ ನೋಡಿದವಳು. ಈಗ ಕಪ್ಪು ಬಿಲ್ಲೆಯ ಸುತ್ತ ಬೆಳ್ಳಿಕೂದಲು ಬಿಚ್ಚಿದ ಹಾಗೆ ಆ ಕಿರೀಟ ನಿಂತಿತ್ತು. ಎಲ್ಲೂ ಒರೆಸುವಂಥದ್ದೇನೂ ಕಾಣಲಿಲ್ಲ. ಅವಳು ಕೊನೆಯವರೆಗೆ ನೋಡಿದಳು. ಒಂದು ಅಂಚಿನಲ್ಲಿ ಬೆಳಕಿನ ಹನಿ ಜಿನುಗಿತು, ಬೀದಿ ಚಪ್ಪಾಳೆ ತಟ್ಟಿತು, ಹಗಲು ಮರಳಿತು.

ಚಪ್ಪಾಳೆಯ ನಡುವೆಯೇ ಗಂಡ ಕಂಪ್ಯೂಟರಿನ ಬಳಿಗೆ ಓಡಿದ. ಒಂದು ಚಿತ್ರ ತೆರೆದ, ಕಪ್ಪು. ಇನ್ನೊಂದು ತೆರೆದ. ಎಲ್ಲವೂ ಕಪ್ಪು, ಮಸಿ ಹಚ್ಚಿದ ಹಾಗೆ. ನಿಧಾನಕ್ಕೆ ತಿರುಗಿ ಕೊಳವೆಯ ಬಾಯಿಯ ಕಡೆ ನೋಡಿದ. ಫಿಲ್ಟರ್ ಅಲ್ಲೇ ಇತ್ತು, ಅವಳ ಕೈಯೂ ಅಲ್ಲೇ ಇತ್ತು. ತಾರಸಿಯಲ್ಲಿ ಒಬ್ಬೊಬ್ಬರಾಗಿ ಅವರತ್ತ ತಿರುಗಿದರು.

"ತೆಗೀಲಿಲ್ವಾ?"

"ತೆಗಿ ಅಂತ ನೀವು ಹೇಳ್ಲಿಲ್ಲ."

"ಕತ್ತಲಾಗಿದ್ದು ಕಾಣ್ಲಿಲ್ವಾ? ಕಣ್ಣಿರ್ಲಿಲ್ವಾ ನಿನಗೆ?"

"ಇತ್ತು," ಎಂದಳು ಅವಳು. "ಅವತ್ತೂ ಇತ್ತು. ಪರದೆ ಸರಿಸಿ ಕರೆದಿದ್ದೆ. ಹಸಿರಾಗಿದೆ ಅಂದಿದ್ದೆ. ಒರೆಸು ಅಂದ್ರಿ."

ಕಾರ್ಯದರ್ಶಿ ಕನ್ನಡಕ ಒರೆಸಿಕೊಳ್ಳತೊಡಗಿದ. ಮಚ್ಚೆಯಕ್ಕ ಗಂಡನ ಮುಖವನ್ನೇ ನೋಡುತ್ತಿದ್ದಳು. ಯಾವಾಗ, ಏನು ಎಂದು ಅವನು ತಬ್ಬಿಬ್ಬಾಗಬೇಕು, ನೆನಪಾಗದೆ ತಡಕಾಡಬೇಕು ಎಂದು ಅವಳ ಜೀವ ಕಾಯುತ್ತಿತ್ತು. ಮರೆತವನ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತು, ಮುಖಗಳನ್ನು ನೋಡಿ ಬದುಕಿದವಳು. ಅವನು ತಬ್ಬಿಬ್ಬಾಗಲಿಲ್ಲ. ಕಣ್ಣು ಪಕ್ಕಕ್ಕೆ ಸರಿಸಿದ.

"ಇನ್ನೊಂದು ಸಲ ಹೇಳ್ಬಹುದಿತ್ತಲ್ಲ ನೀನು," ಎಂದ.

ಅಷ್ಟೇ. ಅವನಿಗೆ ಎಲ್ಲ ನೆನಪಿತ್ತು. ಸಭೆಯಲ್ಲಿ ಮೊದಲ ಸಲ ಎದ್ದು ನಿಂತಾಗಲೂ ಇತ್ತು, ಗೋಡೆಗೆ ಒರಗಿ ಅಳುವಾಗಲೂ ಇತ್ತು. ಅವಳು ಸ್ಟೂಲಿನಿಂದ ಇಳಿದಳು. ಟೈಲರಮ್ಮ ಬಂದು ಅವಳ ಭುಜ ಹಿಡಿದುಕೊಂಡು ಕೆಳಗೆ ಕರೆದೊಯ್ದಳು. ಜನ ಮೆಟ್ಟಿಲಿನಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಯಾರೂ ನಗಲಿಲ್ಲ. ನಗದಿದ್ದದ್ದೂ ಅವಳಿಗೆ ಹಿತವೆನಿಸಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತಂಗಿಗೆ ಫೋನು ಮಾಡಿ ಬರುತ್ತಿದ್ದೇನೆ ಎಂದಷ್ಟೇ ಹೇಳಿದಳು. ಬಟ್ಟೆ ಒಂದು ಚೀಲಕ್ಕೆ ಸಾಕಾಯಿತು. ಅಪ್ಪನ ಪೆನ್ಸಿಲ್ ಡಬ್ಬಿಯನ್ನು ಬಟ್ಟೆಗಳ ನಡುವೆ ಇಟ್ಟಳು. ಅರ್ಧ ತಿದ್ದಿ ಬಿಟ್ಟಿದ್ದ ಒಬ್ಬ ಮುದುಕನ ಫೋಟೋವನ್ನು ಕೂತು ಮುಗಿಸಿದಳು, ಆದರೆ ಹಸಿಯದನ್ನು ಅಳಿಸದೆ ಹಾಗೇ ಬಿಟ್ಟಳು. ಹಾಲು ಕಾಯಿಸಿ ಮುಚ್ಚಿಟ್ಟಳು. ಕೌಂಟರಿನ ಮೇಲೆ ತೂಗುತ್ತಿದ್ದ ಮದುವೆಯ ಫೋಟೋದ ಕೆಳಗೆ ಚಪ್ಪಲಿ ಮೆಟ್ಟಿಕೊಂಡಳು. ಮಚ್ಚೆಯಿಲ್ಲದ ಹುಡುಗಿಯೊಬ್ಬಳು ಅಲ್ಲಿ ಎಂದಿನಂತೆ ನಗುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಟೈಲರಮ್ಮ ಅದನ್ನು ನೋಡಿ, ಇದು ಬೇಡ್ವಾ ಅಕ್ಕ ಎಂದು ಕೇಳಿದಳು. ಮಚ್ಚೆಯಕ್ಕ ಬೇಡವೆಂದು ತಲೆಯಾಡಿಸಿದಳು.

ಅಷ್ಟರಲ್ಲಿ ತಾರಸಿಯ ತಗಡಿನ ಗೂಡಿನಿಂದ ಗಂಡನ ದನಿ ಕೇಳಿಸಿತು. ಕಪ್ಪು ಚಿತ್ರಗಳನ್ನು ಒಂದೊಂದಾಗಿ ಬೆಳ್ಳಗೆ ಮಾಡಿ ಏನಾದರೂ ಉಳಿದಿದೆಯೇ ಎಂದು ಅವನು ಬೆಳಗಿನಿಂದ ಹುಡುಕುತ್ತಲೇ ಇದ್ದ. ದನಿಯಲ್ಲಿ ಹಿಂದಿನ ದಿನದ ಯಾವ ಗುರುತೂ ಇರಲಿಲ್ಲ. ಎಂದಿನ ಹಾಗೆಯೇ ಕೂಗಿದ.

"ಲೇ, ಒಂದು ನಿಮಿಷ ಬಾ ಇಲ್ಲಿ. ಮೂಲೇಲಿ ಏನೋ ಮಬ್ಬು ಕಾಣ್ತಿದೆ."

ಅವಳು ಚೀಲ ಎತ್ತಿಕೊಂಡಳು. ಮೆಟ್ಟಿಲ ಬುಡದಲ್ಲಿ ನಿಂತು, ಗಿರಾಕಿಗಳಿಗೆ ಫೋಟೋ ಯಾವಾಗ ಸಿಗುತ್ತದೆಂದು ಹೇಳುವ ಅದೇ ಮೆಲುದನಿಯಲ್ಲಿ ಉತ್ತರಿಸಿದಳು.

"ಧೂಳಿರ್ಬೇಕು. ಒರೆಸಿಬಿಡಿ."

ಟೈಲರಮ್ಮ ಚೀಲಕ್ಕೆ ಕೈ ಹಾಕಿದಳು, ಇವಳು ಕೊಡಲಿಲ್ಲ. ಅಂಗಡಿಯ ಬಾಗಿಲನ್ನು, ಬೆಳಗಿನ ಗಿರಾಕಿಗಳು ಬರುತ್ತಾರೆಂದು, ಅರ್ಧ ತೆರೆದೇ ಬಿಟ್ಟು ಬಸ್ ನಿಲ್ದಾಣದ ಕಡೆಗೆ ನಡೆದಳು.